ಬದುವಿನ ಮೇಲೆ ಬಿಟ್ಟ ಚಪ್ಪಲಿ

ಗೌರಿಬಿದನೂರು
14 ಜೂನ್ 2004

ಶೋಭಾ,

ಕ್ಷೇಮ ವಿಚಾರವನ್ನು ಕೊನೆಗೆ ಬರೆಯುತ್ತೇನೆ, ಅಷ್ಟು ಹೊತ್ತಿಗೆ ಸಿಟ್ಟು ಇಳಿದಿದ್ದರೆ.

ನಿನ್ನೆ ನಮ್ಮೂರಿಗೆ ಬಂದಿದ್ದೆ. ನಿಮ್ಮ ಬೀದಿಗೆ ಬರಲಿಲ್ಲ. ಕಾಲೊನಿಯಲ್ಲಿ ಆಂಜಿನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಂಡು, ಅವಳ ಜೊತೆ ನಿಮ್ಮ ಸೊಪ್ಪಿನ ತೋಟದವರೆಗೆ ನಡೆದು, ಅಲ್ಲಿಂದಲೇ ಚಿಂತಾಮಣಿ ಬಸ್ಸು ಹಿಡಿದೆ. ಅಮ್ಮ ಸತ್ತ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಈ ಚಿಕ್ಕಮ್ಮ. ನೀನು ಆ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ನಿಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರುವವಳೂ ಅವಳೇ. ಈಗ ನಾಲ್ಕು ಹೆಜ್ಜೆ ನಡೆದರೆ ಎದೆಯಲ್ಲಿ ಶಿಳ್ಳೆ ಹೊಡೆದ ಹಾಗೆ ಸದ್ದು. ಕೇಳಿದರೆ, "ಹುಳು ಮನೆ ಉಬ್ಬಸ ಕಣಮ್ಮ, ರೇಷ್ಮೆ ಮಾಡೋ ಊರಲ್ಲಿ ಯಾರಿಗಿಲ್ಲ" ಅನ್ನುತ್ತಾಳೆ.

ಅವಳು ನಿಮ್ಮ ಹುಳು ಮನೆಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ, ನಿನಗೆ ಗೊತ್ತು. ಸೊಪ್ಪಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿ ಹಿಂದಕ್ಕೆ ಬರುವವಳಿಗೆ ಒಳಗಿನ ಧೂಳಿನ ಉಬ್ಬಸ ಹೇಗೆ ಬಂತು?

ಕಾಲು ತೊಳೆಯುವಾಗ ನೋಡಿದೆ. ಬೆರಳ ಸಂದುಗಳೆಲ್ಲ ಕೆಂಪು, ಕೆರೆದು ಕೆರೆದು ಹುಣ್ಣು. ಅದಕ್ಕೆ 'ಮಣ್ಣು ತುರಿ' ಎಂದು ಹೆಸರಿಟ್ಟುಕೊಂಡಿದ್ದಾರೆ. ಹೆಸರಿಟ್ಟ ಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ತೋಟದ ಹತ್ತಿರ ಹೋದರೆ ಬದುವಿನ ಮೇಲೆ ಸಾಲಾಗಿ ಚಪ್ಪಲಿ. ಚಪ್ಪಲಿಯಲ್ಲಿ ತೋಟಕ್ಕೆ ಇಳಿದರೆ ಹುಳು ಕೆಡುತ್ತದಂತೆ. ಹುಳು ಮನೆಗೆ ಹೊರಗಿನ ರೋಗ ಬರಬಾರದೆಂದು ಚಪ್ಪಲಿ ಬಿಡುವುದು ನನಗೂ ಅರ್ಥವಾಗುತ್ತದೆ. ಆದರೆ ಆ ಕಟ್ಟಳೆಯನ್ನು ಬಾಗಿಲಿನಿಂದ ತೋಟದ ಬದುವಿನವರೆಗೆ ಎಳೆದವರು ಯಾರು? ನೆರಳು, ತೇವ, ಸಡಿಲ ಮಣ್ಣು. ನಿಮ್ಮ ಮನೆಯ ಹಿಂದೆ ಕಕ್ಕಸು ಇದೆ. ಕೂಲಿಯವರಿಗೆ ಅದೇ ತೋಟದ ಮೂಲೆ. ಬೆಳಿಗ್ಗೆ ಅಲ್ಲಿ ಕೂತು ಎದ್ದವರು ಹಗಲೆಲ್ಲ ಅಲ್ಲೇ ಬರಿಗಾಲಲ್ಲಿ ನಡೆಯುತ್ತಾರೆ. ಮಣ್ಣಿನಲ್ಲಿರುವ ಹುಳುವಿನ ಮರಿ ಕಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ರಕ್ತದಲ್ಲಿ ಶ್ವಾಸಕೋಶಕ್ಕೆ ಬರುತ್ತದೆ, ಕೆಮ್ಮಿನಲ್ಲಿ ಗಂಟಲಿಗೆ ಏರಿ ಕರುಳಿಗೆ ಇಳಿಯುತ್ತದೆ. ಇದನ್ನು ನಾನು ನಿನಗೆ ಹೇಳಿಕೊಡಬೇಕೇ? ಎಂ.ಎಸ್ಸಿಯಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಅದೇ ಹುಳುವಿನ ಚಿತ್ರ ಬರೆದವಳು ನೀನು. ನಿನ್ನ ಚಿತ್ರಕ್ಕೇ ಹೆಚ್ಚು ಅಂಕ ಬಂದಿತ್ತು.

ಚಪ್ಪಲಿ ಹಾಕಿಕೊಳ್ಳಲು ಬಿಡು. ಮೂಲೆಯಲ್ಲಿ ಒಂದು ಕಕ್ಕಸು ಕಟ್ಟಿಸು. ಚಿಕ್ಕಮ್ಮನಿಗೆ ಹುಳುವಿನ ಪರೀಕ್ಷೆ ಆಗಬೇಕು.

ಸಿಟ್ಟು ಇಳಿದಿಲ್ಲ. ನಾನು ಕ್ಷೇಮ.

ಸಂಘಮಿತ್ರ


ಕೆಂಚಾರ್ಲಹಳ್ಳಿ
21 ಜೂನ್ 2004

ಪ್ರೀತಿಯ ಮಿತ್ರಾ,

ನಿನ್ನ ಪತ್ರ ಬಂದ ದಿನ ನಮ್ಮ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿದ್ದವು. ಆಗಿನ ಹಸಿವು ನಿನಗೇನು ಗೊತ್ತು? ತಟ್ಟೆಗಳ ಮೇಲೆ ಸೊಪ್ಪು ಹಾಕಿದರೆ ಮಳೆ ಬಂದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತವೆ. ಅದರ ನಡುವೆ ನಿನ್ನ ಪತ್ರವನ್ನು ನಿಂತೇ ಓದಿದೆ. ಅತ್ತೆ ನನ್ನ ಮುಖ ನೋಡಿ ಯಾರು ಹೋದರು ಎಂದು ಕೇಳಿದರು.

ಚಪ್ಪಲಿ ಬಿಡಿ ಎಂದು ನಾವು ಯಾರಿಗೂ ಹೇಳಿಲ್ಲ ಕಣೇ. ಅವರೇ ಬಿಡುತ್ತಾರೆ. ಅತ್ತೆ ಒಮ್ಮೆ ನನಗೇ ಹೇಳಿದ್ದರು, "ಸೊಪ್ಪು ಲಕ್ಷ್ಮಿ ಊಟ. ಊಟದ ಎಲೇಲಿ ಚಪ್ಪಲಿ ಇಡ್ತೀಯೇನಮ್ಮ?" ನಾನೂ ಬರಿಗಾಲಲ್ಲೇ ಹೋಗುತ್ತೇನೆ, ಅತ್ತೆಯೂ ಹೋಗುತ್ತಾರೆ. ನೀನು ಬರೆದಿರುವುದನ್ನು ನೋಡಿದರೆ ನಾವು ಬೇಕೆಂದು ಅವರ ಕಾಲಿಗೆ ಹುಳು ಬಿಟ್ಟ ಹಾಗಿದೆ. ನೀನು ಬೇರೆ ಯಾವುದೋ ಹಳೆಯ ನೋವನ್ನು ಚಪ್ಪಲಿಯಲ್ಲಿ ಹುಡುಕುತ್ತಿದ್ದೀಯ ಅನ್ನಿಸಿತು. ತಪ್ಪಾಗಿದ್ದರೆ ಬೈದುಬಿಡು.

ಆಂಜಿನಮ್ಮನ ಬಗ್ಗೆ ಚಿಂತೆ ಮಾಡಬೇಡ. ಔಷಧಿ ಕೊಡಿಸಿದ್ದೇನೆ, ಈಗ ಎಷ್ಟೋ ವಾಸಿ. ನಿನ್ನೆ ಎರಡು ಹೊರೆ ಸೊಪ್ಪು ತಂದಳು, ಹಾಡು ಬೇರೆ. ನನಗೂ ಸಂಕ್ರಾಂತಿಯಿಂದ ಅದೇ ಉಬ್ಬಸ ಇತ್ತು, ನಿನಗೆ ಬರೆದಿರಲಿಲ್ಲ. ಶಿಡ್ಲಘಟ್ಟದಲ್ಲಿ ಒಬ್ಬ ಡಾಕ್ಟರು ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದಾರೆ. ಒಂದು ನುಂಗಿದರೆ ಎದೆಯ ಮೇಲಿನ ಕಲ್ಲು ತೆಗೆದ ಹಾಗಾಗುತ್ತದೆ.

ಮೊದಲೆಲ್ಲ ನಿನ್ನ ಪತ್ರದ ಕೊನೆಗೆ ನೀನೇ ಕಟ್ಟಿದ ಎರಡು ಸಾಲು ಕವಿತೆ ಇರುತ್ತಿತ್ತು. ಈ ಸಲ ಹುಳು ಮಾತ್ರ.

ನಿನ್ನ
ಶೋಭಾರಾಣಿ


ಗೌರಿಬಿದನೂರು
5 ಜುಲೈ 2004

ಶೋಭಾ,

'ಅವರೇ ಬಿಡುತ್ತಾರೆ' ಎಂದು ಬರೆದಿದ್ದೀಯ. ನಾನು ನಿಮ್ಮ ಮನೆಗೆ ಬಂದಾಗಲೂ ಪಡಸಾಲೆಯಿಂದ ಮುಂದೆ ನಾನೇ ಬರುವುದಿಲ್ಲ, ಯಾರೂ ತಡೆದಿಲ್ಲ. ಯಾರೂ ಹೇಳದೆ ನಡೆಯುವ ಕಟ್ಟಳೆಗಳನ್ನು ಯಾರು ಮಾಡಿದರು ಎಂದು ಒಂದು ಸಲ ಕೂತು ಯೋಚನೆ ಮಾಡು. ಹೌದು, ಹಳೆಯ ನೋವೇ. ಹಳೆಯದಾದರೆ ನೋವು ಸುಳ್ಳಾಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಿನಗೆ ಸೋತಿದ್ದೇನೆ, ಅದನ್ನೂ ಬರೆಯಬೇಕು.

ಹೋದ ವಾರ ಚಿಕ್ಕಮ್ಮನನ್ನು ಇಲ್ಲಿಗೆ ಕರೆಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವ ಹಾಗೆ ನಿನಗೂ ಹೇಳುತ್ತೇನೆ, ಮರೆತಿರಬಹುದು. ಬ್ಯಾಕ್ಟೀರಿಯ ಬಂದರೆ ನಮ್ಮ ಬಿಳಿ ರಕ್ತಕಣ ಅದನ್ನು ನುಂಗಿಬಿಡುತ್ತದೆ. ಹುಳು ನುಂಗಲಾಗದಷ್ಟು ದೊಡ್ಡದು. ಆನೆಯನ್ನು ಇರುವೆ ನುಂಗುವುದೆಲ್ಲಿ? ಅದಕ್ಕೆ ದೇಹ ಬೇರೆ ಯುದ್ಧ ಮಾಡುತ್ತದೆ. ಇಯೋಸಿನೊಫಿಲ್ ಎಂಬ ಕಣಗಳನ್ನು ಸಾವಿರಗಟ್ಟಲೆ ಹುಟ್ಟಿಸಿ ಕಳಿಸುತ್ತದೆ. ಅವು ಹುಳುವನ್ನು ಮುತ್ತಿಕೊಂಡು ಅದರ ಮೈಮೇಲೆ ವಿಷ ಸುರಿಯುತ್ತವೆ. ಕರುಳು ಲೋಳೆ ಸುರಿಸಿ, ತಿರುಚಿಕೊಂಡು, ಅದನ್ನು ತೊಳೆದು ಹೊರದಬ್ಬಲು ನೋಡುತ್ತದೆ. ತುರಿ, ಕೆಮ್ಮು, ಉಬ್ಬಸ ಎಲ್ಲವೂ ಆ ಜಗಳದ ಸದ್ದು. ದೇಹಕ್ಕೆ ಸಿಟ್ಟು ಬಂದಿದೆ ಎಂದು ಅರ್ಥ. ಹುಳು ಇದ್ದರೆ ರಕ್ತದಲ್ಲಿ ಆ ಕಣಗಳು ತುಂಬಿರಬೇಕು.

ಚಿಕ್ಕಮ್ಮನ ರಕ್ತದಲ್ಲಿ ಅವು ಹುಡುಕಿದರೂ ಸಿಗದಷ್ಟು ಕಡಿಮೆ. ನಾನೇ ಲ್ಯಾಬಿನಲ್ಲಿ ಕೂತು ಗಾಜಿನ ಪಟ್ಟಿ ನೋಡಿದೆ. ಯಾವುದಾದರೂ ಮಾತ್ರೆ ತಿನ್ನುತ್ತಿದ್ದೀಯಾ ಎಂದು ಕೇಳಿದೆ. "ಏಮೀ ಲೇದಮ್ಮ, ಏನೂ ಇಲ್ಲ, ಶೋಭಮ್ಮ ಕೊಟ್ಟ ಕಷಾಯ ಅಷ್ಟೇ" ಅಂದಳು. ಮಲ ಪರೀಕ್ಷೆಗೆ ಮಾತ್ರ ಒಪ್ಪಲಿಲ್ಲ. ಓದಿದ ಮಗಳ ಕೈಗೆ ಅದನ್ನು ಕೊಡಲೇ ಎಂದು ನಾಚಿ, ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ಒತ್ತಾಯ ಮಾಡಲಿಲ್ಲ. ಉಬ್ಬಸವೂ ಕಡಿಮೆಯಾಗಿದೆ, ಉಸಿರು ಸಲೀಸಾಗಿದೆ.

ಹಾಗಾಗಿ ಹುಳುವಿನ ವಿಷಯದಲ್ಲಿ ನಿನ್ನ ಮೇಲೆ ಕೂಗಾಡಿದ್ದು ತಪ್ಪು. ಚಪ್ಪಲಿಯ ವಿಷಯದಲ್ಲಿ ಅಲ್ಲ.

ನೀನು ಕೇಳಿದ ಎರಡು ಸಾಲು:

ಎಲೆಯ ಕೆಳಗಿನ ನೆರಳಿಗೂ ಒಂದು ಬಾಯಿ,
ಯಾರ ಕಾಲೆಂದು ಅದು ಕೇಳುವುದಿಲ್ಲ.

ಮಿತ್ರ


ಕೆಂಚಾರ್ಲಹಳ್ಳಿ
12 ಜುಲೈ 2004

ಪ್ರೀತಿಯ ಮಿತ್ರಾ,

ನೋಡಿದೆಯಾ! ನಿನ್ನ ಪತ್ರ ಓದಿ ಎಷ್ಟು ಹಗುರವಾಯಿತು ಅಂದರೆ, ಹುಳು ಮನೆಯಲ್ಲೇ ಒಬ್ಬಳೇ ನಕ್ಕೆ. ಸೋತೆ ಎಂದು ನೀನು ಬರೆದ ಪತ್ರ ಇದೊಂದೇ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ.

ಆಂಜಿನಮ್ಮ ಈಗ ನೀನು ನೋಡಿದವಳಲ್ಲ. ಊಟ ಚೆನ್ನಾಗಿ ಸೇರುತ್ತಿದೆ. ಮುಖ ದುಂಡಗಾಗಿದೆ, ಕೆನ್ನೆ ತುಂಬಿಕೊಂಡಿದೆ. ನನ್ನ ಮುಖವೂ ಹಾಗೇ ಆಗಿದೆ. ಅತ್ತೆ ನಮ್ಮಿಬ್ಬರನ್ನೂ ನೋಡಿ, "ಇವರಿಬ್ರೂ ಯಾವ ಅಂಗಡಿ ಅಕ್ಕಿ ತಿಂತಾರೋ" ಎಂದು ತಮಾಷೆ ಮಾಡುತ್ತಾರೆ. ಹೊಟ್ಟೆ ಹಿಡಿಯುತ್ತದೆ ಎಂದು ಆಂಜಿನಮ್ಮ ಒಂದೆರಡು ದಿನ ಕೆಲಸಕ್ಕೆ ಬರಲಿಲ್ಲ, ಈಗ ಬರುತ್ತಿದ್ದಾಳೆ. ಈ ಬೆಳೆ ಗೂಡು ಗಟ್ಟಿಯಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಕೈಯಲ್ಲಿ ಹಿಡಿದು ನೋಡಿದವರೆಲ್ಲ ಯಾರ ಹುಳು ಎಂದು ಕೇಳಿದರಂತೆ.

ಕಕ್ಕಸಿನ ವಿಷಯ ಇವರ ಕಿವಿಗೆ ಹಾಕಿದ್ದೇನೆ. ದೀಪಾವಳಿ ಕಳೆಯಲಿ ಅಂದರು. ಚಪ್ಪಲಿಯ ಮಾತು ಇನ್ನೂ ಎತ್ತಿಲ್ಲ. ಎಲ್ಲವನ್ನೂ ಒಂದೇ ಸಲ ಎಳೆದರೆ ನೂಲು ಹರಿಯುತ್ತದೆ.

ಆ ಎರಡು ಸಾಲು ಚೆನ್ನಾಗಿದೆ, ಸ್ವಲ್ಪ ಹೆದರಿಕೆಯಾಯಿತು.

ನಿನ್ನ
ಶೋಭಾ


ಬೆಂಗಳೂರು
9 ಆಗಸ್ಟ್ 2004

ಶೋಭಾರಾಣಿಯವರಿಗೆ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಶುಕ್ರವಾರ ನಿಮ್ಮ ತೋಟದಲ್ಲಿ ಚಿಕ್ಕಮ್ಮ ಸೊಪ್ಪಿನ ಹೊರೆಯ ಮೇಲೇ ಬಿದ್ದಳು. ಅವಳ ಮಗ ವೇಣು ತನ್ನ ಆಟೋದಲ್ಲಿ ಚಿಂತಾಮಣಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೆ ತಂದ. ನಿಮ್ಮ ಮನೆಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿನ್ನ ಯಜಮಾನರು ಎತ್ತಿ, ಶೋಭಾ ಹುಳುವಿಗೆ ಸೊಪ್ಪು ಹಾಕ್ತಿದ್ದಾಳೆ, ಹೇಳ್ತೀನಿ ಅಂದರು. ಹೇಳಿದರೋ ಇಲ್ಲವೋ.

ಜ್ವರ ಇಳಿಯುತ್ತಿಲ್ಲ. ಹೊಟ್ಟೆ ಉಬ್ಬಿದೆ. ಕೆಮ್ಮಿದರೆ ರಕ್ತ. ಇಲ್ಲಿನ ಡಾಕ್ಟರು ಅವಳ ಕಫವನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನನ್ನನ್ನು ಕರೆದು ತೋರಿಸಿದರು. ಮರಿಹುಳು. ಕಫದಲ್ಲಿ, ಶೋಭಾ. ಒದ್ದಾಡುತ್ತಿದ್ದವು. ಕರುಳಿನಲ್ಲಿ ಇರಬೇಕಾದವು ಮೈಯೆಲ್ಲ ಹರಡಿವೆ. ಕರುಳು ಕೊರೆದು ಹೋಗುವಾಗ ಅಲ್ಲಿನ ಬ್ಯಾಕ್ಟೀರಿಯವನ್ನೂ ರಕ್ತಕ್ಕೆ ಹೊತ್ತುಕೊಂಡು ಹೋಗಿವೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇವರಿಗೆ ಸ್ಟೆರಾಯ್ಡ್ ಯಾರು ಕೊಟ್ಟರು?"

ಯಾರೂ ಕೊಟ್ಟಿಲ್ಲ, ಕಷಾಯ ಕುಡಿಯುತ್ತಿದ್ದಳು ಎಂದು ನಾನು ವಾದ ಮಾಡಿದೆ. ನರ್ಸು ಅವಳ ಸೀರೆಯ ಸೆರಗಿನ ಗಂಟು ಬಿಚ್ಚಿದಾಗ ಎಲೆ ಅಡಿಕೆಯ ಜೊತೆ ಬಿಳಿ ಮಾತ್ರೆಯ ಪಟ್ಟಿ ಸಿಕ್ಕಿತು. ವೇಣುವನ್ನು ಕೇಳಿದೆ. "ಶೋಭಮ್ಮೋರು ಕೊಡ್ತಿದ್ರು ಕಣಕ್ಕ. ಮಿತ್ರಂಗೆ ಹೇಳಬೇಡ, ಬೈತಾಳೆ ಅಂದಿದ್ರಂತೆ."

ಆ ಹುಳುವಿನ ಜಾತಿ ಬೇರೆಯವುಗಳ ಹಾಗಲ್ಲ, ನೆನಪಿಸಿಕೋ. ಹೊರಗಿನ ಮಣ್ಣಿಗೆ ಹೋಗದೆ ಮೈಯೊಳಗೇ ಮರಿ ಮಾಡಿ ವರ್ಷಗಟ್ಟಲೆ ಬದುಕುತ್ತದೆ. ಅದು ಮಿತಿ ಮೀರದ ಹಾಗೆ ಕಾವಲು ನಿಂತಿರುವುದು ದೇಹದ ಸಿಟ್ಟು ಒಂದೇ. ನಿನ್ನ ಬಿಳಿ ಮಾತ್ರೆ ಹುಳುವನ್ನು ಕೊಲ್ಲಲಿಲ್ಲ, ಕಾವಲುಗಾರರನ್ನು ಮಲಗಿಸಿತು. ಜಗಳ ನಿಂತ ಮೇಲೆ ಉಬ್ಬಸವೂ ನಿಂತಿತು. ಅದನ್ನು ನೀನು ವಾಸಿ ಅಂದೆ. ರಕ್ತದಲ್ಲಿ ಆ ಕಣಗಳು ಯಾಕೆ ಇರಲಿಲ್ಲ ಎಂದು ಈಗ ಅರ್ಥವಾಯಿತೇ? ಮಾತ್ರೆ ಅವುಗಳನ್ನು ಓಡಿಸಿತ್ತು. ನಾನು ಗಾಜಿನ ಪಟ್ಟಿ ನೋಡಿ ನಿನ್ನ ಕ್ಷಮೆ ಕೇಳಿದೆ. ದುಂಡಗಾದ ಮುಖ ಎಂದು ನೀನು ಬರೆದಾಗ ನಾನು ಖುಷಿಪಟ್ಟೆ.

ನೀನು ಮಾತ್ರೆ ಕೊಟ್ಟದ್ದಕ್ಕಿಂತ ಹೇಳಬೇಡ ಎಂದದ್ದು ನನಗೆ ಹೆಚ್ಚು ಸಿಟ್ಟು ತರಿಸುತ್ತಿದೆ. ಅವಳು ಯಾರ ಮಾತು ಕೇಳಿದಳು ನೋಡು. ತಾನೇ ತಲೆ ಬಾಚಿ ಬೆಳೆಸಿದ ಮಗಳು ಕೇಳಿದರೆ ಸುಳ್ಳು ಹೇಳಿದಳು, ತೋಟದೊಡತಿ ಹೇಳಿದ ಮಾತನ್ನು ಉಳಿಸಿಕೊಂಡಳು.

ಸಂಘಮಿತ್ರ


ಕೆಂಚಾರ್ಲಹಳ್ಳಿ
15 ಆಗಸ್ಟ್ 2004

ಮಿತ್ರಾ,

ನೀನು 'ಶೋಭಾರಾಣಿಯವರಿಗೆ' ಎಂದು ಬರೆದದ್ದನ್ನು ಎಷ್ಟೋ ಹೊತ್ತು ನೋಡುತ್ತಾ ಕೂತೆ.

ಕೊಟ್ಟೆ. ನನ್ನ ಮಾತ್ರೆಯಲ್ಲಿ ಪಾಲು ಕೊಟ್ಟೆ. ನಿನ್ನ ಮೊದಲ ಪತ್ರ ಬಂದ ದಿನದಿಂದಲೇ. ಅವಳೇ ಬಾಗಿಲಲ್ಲಿ ಹೊರೆ ಇಳಿಸಿ, ಗೋಡೆ ಹಿಡಿದು ನಿಂತು ಕೇಳಿದಳು: "ಶೋಭಮ್ಮ, ನೀವು ತಿಂತೀರಲ್ಲ ಆ ಮಾತ್ರೆ, ನಂಗೂ ಒಂದು ಕೊಡ್ರಮ್ಮ. ನಿಮ್ಮ ಎದೆ ಸುಮ್ಕಾಯ್ತು, ನಂದೂ ಸುಮ್ಕಾಗ್ಲಿ." ಉಸಿರಿಗೆ ಒದ್ದಾಡುವ ಮುಖ ನೋಡಿಕೊಂಡು ಇಲ್ಲ ಅನ್ನಲಾಗಲಿಲ್ಲ. ಅವತ್ತು ಸಂಜೆಯೇ ಅವಳ ಉಸಿರು ಸರಿಹೋಯಿತು. ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅದು ನನಗೆ ಬಹಳ ಸಂತೋಷ ಕೊಟ್ಟಿತು. ಸುಳ್ಳು ಹೇಳುವುದಿಲ್ಲ.

ಇನ್ನೊಂದನ್ನೂ ಸುಳ್ಳು ಹೇಳುವುದಿಲ್ಲ. ಹುಳು ಜ್ವರದಿಂದ ಎದ್ದಿದ್ದವು, ಸೊಪ್ಪು ಬೇಕಿತ್ತು. ಅವಳಷ್ಟು ಬೇಗ ಕೊಯ್ಯುವವರು ಯಾರೂ ಇಲ್ಲ. ಮಾತ್ರೆ ಕೊಡುವಾಗ ಅವಳ ಉಸಿರು ಎಷ್ಟು ಮನಸ್ಸಿನಲ್ಲಿತ್ತು, ನಮ್ಮ ಹುಳು ಎಷ್ಟಿತ್ತು ಎಂದು ಈಗ ಕೇಳಿಕೊಂಡರೆ ಬೇರೆ ಮಾಡಲು ಆಗುತ್ತಿಲ್ಲ.

ನಿನಗೆ ಹೇಳಬೇಡ ಎಂದದ್ದು ನಿನ್ನ ನಾಲಿಗೆಗೆ ಹೆದರಿ. ಹಾಸ್ಟೆಲಿನಲ್ಲಿ ಕೂಡ ನಿನಗೆ ಹೆದರಿ ನಾನು ಎಷ್ಟೋ ಸಂಗತಿ ಹೇಳುತ್ತಿರಲಿಲ್ಲ. ಆದರೂ ಮಿತ್ರಾ, ಎಲ್ಲಕ್ಕೂ ಆ ಮಾತ್ರೆಯೇ ಕಾರಣ ಎಂದು ಹೇಗೆ ಹೇಳುತ್ತೀಯ? ನಾನೂ ಸಂಕ್ರಾಂತಿಯಿಂದ ತಿನ್ನುತ್ತಿದ್ದೇನೆ. ನಾನೂ ಅದೇ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವಳೇ. ಈಚೆಗೆ ಹೊಟ್ಟೆ ಸ್ವಲ್ಪ ಸರಿಯಿಲ್ಲ, ವಾಂತಿಯಾಗುತ್ತದೆ, ಅಷ್ಟೇ. ಡಾಕ್ಟರು ಮಾತ್ರೆ ಇನ್ನೊಂದು ಹೆಚ್ಚಿಗೆ ಮಾಡಿದ್ದಾರೆ.

ಆಂಜಿನಮ್ಮ ಹೇಗಿದ್ದಾಳೆ, ಒಂದೇ ಒಂದು ಸಾಲು ಬರೆ. ನಿನ್ನನ್ನು ಬೇಡಿಕೊಳ್ಳುತ್ತೇನೆ.

ಶೋಭಾ


ಗೌರಿಬಿದನೂರು
24 ಆಗಸ್ಟ್ 2004

ಶೋಭಾರಾಣಿ,

ಬುಧವಾರ ಬೆಳಿಗ್ಗೆ ಚಿಕ್ಕಮ್ಮ ಹೋದಳು. ಕಾಲೊನಿಯ ಹಿಂದೆ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ನಿಮ್ಮ ಮನೆಯಿಂದ ಹೂವು ಬಂದಿತ್ತು. ಒಳಗೆ ತೆಗೆದುಕೊಳ್ಳಬೇಡಿ ಎಂದು ನಾನೇ ಹೇಳಿದೆ.

ಕೊನೆಯ ದಿನ ಸ್ವಲ್ಪ ಎಚ್ಚರವಿತ್ತು. ನಿನ್ನ ಮೇಲೆ ಕೋಪ ಮಾಡಿಕೊಳ್ಳಬೇಡ ಅಂದಳು. "ಒಳ್ಳೇದಕ್ಕೇ ಕೊಟ್ಟಳು ಕಣಮ್ಮ." ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಾನೂ ನಿನ್ನಂತೆಯೇ ಮುಚ್ಚಿಟ್ಟ ಹಾಗಾಗುತ್ತದೆ. ಅವಳು ಕ್ಷಮಿಸಿದಳು. ಜೀವಮಾನವೆಲ್ಲ ಕ್ಷಮಿಸುವುದೇ ಅವಳ ಕೆಲಸವಾಗಿತ್ತು. ಬದುವಿನ ಮೇಲೆ ಚಪ್ಪಲಿಯ ಜೊತೆ ಅವಳು ದಿನಾ ಬೆಳಿಗ್ಗೆ ಬಿಡುತ್ತಿದ್ದದ್ದು ತನ್ನ ಸಿಟ್ಟನ್ನೂ.

ಅವಳಿಗೆ ಬರಬೇಕಾಗಿದ್ದ ಸಿಟ್ಟು ನನಗೆ ಬಂದಿದೆ. ನಾನು ಅದನ್ನು ಇಟ್ಟುಕೊಳ್ಳುತ್ತೇನೆ.

ನಿನ್ನ ಪತ್ರ ಬಂದಿದೆ. ಒಡೆದಿಲ್ಲ. ಒಡೆಯುವುದಿಲ್ಲ. ಇನ್ನು ಬರೆಯಬೇಡ.

ಸಂಘಮಿತ್ರ


ಗೌರಿಬಿದನೂರು
12 ಸೆಪ್ಟೆಂಬರ್ 2004

ಶೋಭಾ,

ಇವತ್ತು ಭಾನುವಾರ. ಪುಸ್ತಕಗಳ ಧೂಳು ಹೊಡೆಯುವಾಗ ನಿನ್ನ ಆಗಸ್ಟಿನ ಪತ್ರ ಕೆಳಗೆ ಬಿತ್ತು. ಹರಿದು ಹಾಕಲೆಂದೇ ಕೈಗೆತ್ತಿಕೊಂಡೆ. ಹರಿಯುವ ಮೊದಲು ಬೈಗುಳಕ್ಕೆ ಇನ್ನೊಂದಿಷ್ಟು ಕಾರಣ ಸಿಗಲಿ ಎಂದು ಓದಿದೆ.

ಸಂಕ್ರಾಂತಿಯಿಂದ ತಿನ್ನುತ್ತಿದ್ದೇನೆ ಎಂದು ಬರೆದಿದ್ದೀಯ. ಬರಿಗಾಲು ಎಂದು ಬರೆದಿದ್ದೀಯ. ಹೊಟ್ಟೆ ಸರಿಯಿಲ್ಲ, ವಾಂತಿ, ಮಾತ್ರೆ ಹೆಚ್ಚಿಗೆ ಮಾಡಿದ್ದಾರೆ ಎಂದು ಬರೆದಿದ್ದೀಯ. ಇದನ್ನೆಲ್ಲ ನೀನು ಜೂನ್ ತಿಂಗಳಲ್ಲೇ ಅರ್ಧ ಬರೆದಿದ್ದೆ, ಜುಲೈಯಲ್ಲಿ ಮುಖ ದುಂಡಗಾಯಿತು ಎಂದೂ ಬರೆದೆ. ಚಪ್ಪಲಿಯ ಸಾಲು ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ. ಆಗಸ್ಟಿನಲ್ಲಿ ಪತ್ರವನ್ನೇ ಒಡೆಯಲಿಲ್ಲ.

ಮನೆಗೆ ಫೋನ್ ಮಾಡಿದೆ. ಈ ಸಲವೂ ನಿನ್ನ ಯಜಮಾನರು ಹರಿಕೃಷ್ಣರೇ ಎತ್ತಿದರು. ಮಲಗಿದ್ದಾಳೆ, ಸುಸ್ತು, ಡಾಕ್ಟರು ನೋಡ್ತಿದ್ದಾರೆ ಅಂದರು. ನಾನು ಹುಳು ಅಂದೆ. "ಹುಳು ಚೆನ್ನಾಗಿವೆ, ಮೂರನೇ ಜ್ವರಕ್ಕೆ ಹೋಗಿವೆ" ಅಂದರು. ಶೋಭಾ, ನಾನು ನಿನ್ನ ಮೈಯೊಳಗಿನ ಹುಳುವಿನ ಮಾತಾಡುತ್ತಿದ್ದೆ. ಅವರಿಗೆ ಹುಳು ಅಂದರೆ ಒಂದೇ.

ಅದಕ್ಕೆ ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ತಿಥಿಯ ಖರ್ಚಿನ ಲೆಕ್ಕಕ್ಕೆ ವೇಣು ಇಲ್ಲಿಗೆ ಬಂದಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅವನು ಒಲ್ಲೆ ಅಂದ. "ಅವರ ಮನೆ ಬಾಗಿಲಿಗೆ ನಾನ್ಯಾಕಕ್ಕ ಹೋಗ್ಲಿ" ಎಂದು ಕೂಗಾಡಿದ. ಕೂಗಲು ಬಿಟ್ಟೆ. ಆಮೇಲೆ ನಾನೂ ಕೂಗಿದೆ. ಹೋಗುತ್ತಾನೆ.

ಈ ಪತ್ರ ಓದಿದ ಹಾಗೇ ಎದ್ದು ಅವನ ಆಟೋದಲ್ಲಿ ಕೂತುಕೋ. ಬೆಂಗಳೂರಿನ ಅದೇ ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಮಲ, ಕಫ ಎರಡನ್ನೂ ನೋಡುತ್ತಾರೆ. ನಾಚಿಕೊಳ್ಳಬೇಡ, ನಾಚಿಕೊಂಡವಳನ್ನು ಮಣ್ಣು ಮಾಡಿ ಬಂದಿದ್ದೇನೆ. ಮಾತ್ರೆಯನ್ನು ನೀನೇ ಥಟ್ಟನೆ ನಿಲ್ಲಿಸಬೇಡ, ಅಷ್ಟು ತಿಂಗಳು ತಿಂದ ಮೇಲೆ ಅದೂ ಅಪಾಯ. ಡಾಕ್ಟರು ಹೇಳಿದ ಹಾಗೆ ಇಳಿಸಬೇಕು. ಅತ್ತೆ ಏನಾದರೂ ಅಂದರೆ ನನ್ನ ಹೆಸರು ಹೇಳು. ನನ್ನ ನಾಲಿಗೆಗೆ ನೀನೊಬ್ಬಳೇ ಯಾಕೆ ಹೆದರಬೇಕು?

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಬದುಕಿರು. ಆಮೇಲೆ ನೋಡೋಣ.

ಮಿತ್ರ


ಕೆಂಚಾರ್ಲಹಳ್ಳಿ
10 ಅಕ್ಟೋಬರ್ 2004

ಮಿತ್ರಾ,

ಬದುಕಿದ್ದೇನೆ. ಮೊನ್ನೆ ಮನೆಗೆ ಬಂದೆ. ಹುಳು ನನ್ನೊಳಗೂ ಇದ್ದವು. ಡಾಕ್ಟರು ನನಗೂ ಗಾಜಿನ ಪಟ್ಟಿ ತೋರಿಸಿದರು. ಎಂ.ಎಸ್ಸಿಯಲ್ಲಿ ನಾನು ಬರೆದ ಚಿತ್ರಕ್ಕೆ ಬಾಲದ ತುದಿ ತಪ್ಪಾಗಿತ್ತು ಕಣೇ. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತಂತೆ. ಹುಳುವಿನ ಔಷಧಿ ಕೊಟ್ಟರು, ಬಿಳಿ ಮಾತ್ರೆಯನ್ನು ಇಳಿಸುತ್ತಾ ಬಂದರು. ಈಗ ಮತ್ತೆ ಮೈಯೆಲ್ಲ ತುರಿ, ಸ್ವಲ್ಪ ಕೆಮ್ಮು. ರಕ್ತದಲ್ಲಿ ಆ ನಿನ್ನ ಕಾವಲುಗಾರರು ಎದ್ದು ಬಂದಿದ್ದಾರೆ, ಒಳ್ಳೆಯ ಲಕ್ಷಣ ಎಂದು ಡಾಕ್ಟರು ನಕ್ಕರು. ತುರಿಸಿಕೊಳ್ಳುತ್ತಾ ಅಳು ಬಂತು.

ಆ ದಿನ ವೇಣು ಬಂದದ್ದನ್ನು ನಿನಗೆ ಹೇಳಬೇಕು. ಪಡಸಾಲೆಯವರೆಗೆ ಚಪ್ಪಲಿ ಹಾಕಿಕೊಂಡೇ ಬಂದ. ಅತ್ತೆ, "ಏನೋ ಇದು, ಚಪ್ಪಲಿ" ಅಂದರು. ಅವನು ಅವರ ಕಡೆ ನೋಡಲಿಲ್ಲ. ಪತ್ರವನ್ನು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವವರೆಗೆ ನಿಂತಿದ್ದ. ಆಮೇಲೆ ಒಂದೇ ಮಾತು: "ನಮ್ಮಮ್ಮನ್ನ ಇದೇ ಆಟೋದಲ್ಲಿ ಕರಕೊಂಡೋಗಿದ್ದೆ. ಹತ್ತಿ." ಚಿಂತಾಮಣಿಯಲ್ಲಿ ಬೆಂಗಳೂರು ಬಸ್ಸು ಹತ್ತಿಸಿ, ನಾನೂ ಇವರೂ ಕೂತದ್ದನ್ನು ಕಿಟಕಿಯಿಂದ ನೋಡಿ, ತಿರುಗಿ ಹೋದ.

ನಿನ್ನೆ ತೋಟದ ಹತ್ತಿರ ಹೋಗಿದ್ದೆ. ಬದುವಿನ ಮೇಲೆ ಆಂಜಿನಮ್ಮನ ಚಪ್ಪಲಿ ಇನ್ನೂ ಇವೆ. ಅವಳು ಬಿದ್ದ ದಿನ ಅಲ್ಲಿ ಬಿಟ್ಟಿದ್ದು. ಹೊತ್ತುಕೊಂಡು ಓಡುವಾಗ ಯಾರಿಗೂ ನೆನಪಾಗಲಿಲ್ಲ, ಆಮೇಲೆ ಯಾರೂ ಮುಟ್ಟಲಿಲ್ಲ. ಎಡಗಾಲಿನದಕ್ಕೆ ಉಂಗುಷ್ಠದ ಹತ್ತಿರ ತಂತಿ ಹಾಕಿ ಬಿಗಿದಿದ್ದಾಳೆ. ಮಳೆಗೆ ನೆಂದು ಮಣ್ಣು ತುಂಬಿದೆ. ಅದರ ಪಕ್ಕದಲ್ಲೇ ಉಳಿದವರು ಈಗಲೂ ತಮ್ಮ ಚಪ್ಪಲಿ ಬಿಟ್ಟು ಇಳಿಯುತ್ತಿದ್ದಾರೆ. ಹಾಕಿಕೊಂಡು ಇಳಿಯಿರಿ ಎಂದು ನಾನು ಹೇಳಿದೆ. ತಲೆಯಾಡಿಸಿದರು. ಬಿಟ್ಟೇ ಇಳಿದರು. ನಾನೂ ಬದುವಿನ ಮೇಲೆ ನಿಂತು, ನನ್ನ ಕಾಲಿನ ಚಪ್ಪಲಿ ನೋಡಿಕೊಂಡು, ಇಳಿಯಲಾಗದೆ ಮನೆಗೆ ಬಂದೆ.

ಆದದ್ದು ಆಯಿತು ಮಿತ್ರಾ. ಆಂಜಿನಮ್ಮನೇ ಹೇಳಿದಳಲ್ಲ. ಇನ್ನಾದರೂ ಸಮಾಧಾನ ಮಾಡಿಕೋ.

ಶೋಭಾ


ಗೌರಿಬಿದನೂರು
15 ಅಕ್ಟೋಬರ್ 2004

ಶೋಭಾ,

ನೀನು ಬದುಕಿದ್ದೀಯ. ಆ ಸಾಲನ್ನು ಓದಿ ಪತ್ರವನ್ನು ಮಡಿಚಿ ಇಟ್ಟು, ಅಡುಗೆಮನೆಗೆ ಹೋಗಿ, ಒಂದು ಲೋಟ ನೀರು ಕುಡಿದು ಬಂದು ಉಳಿದದ್ದನ್ನು ಓದಿದೆ.

ಸಮಾಧಾನ ಮಾಡಿಕೊಳ್ಳುವುದಿಲ್ಲ. ನಿನ್ನ ಕೈಯಿಂದ ನನಗೆ ಬೇಡದ ಬಿಳಿ ಮಾತ್ರೆ ಅದೊಂದು. ನಿನ್ನ ತುರಿ ವಾಪಸು ಬಂದದ್ದಕ್ಕೆ ಡಾಕ್ಟರು ನಕ್ಕರಲ್ಲ, ನನ್ನದು ಹೋಗದಿರಲಿ. ಚಿಕ್ಕಮ್ಮನ ಕ್ಷಮೆಯನ್ನು ನೀನು ಇಟ್ಟುಕೋ, ಅವಳು ನಿನಗೆ ಕೊಟ್ಟದ್ದು. ನನ್ನದನ್ನು ಕೇಳಬೇಡ.

ಚಪ್ಪಲಿಯನ್ನು ಯಾರೂ ಮುಟ್ಟುವುದು ಬೇಡ. ನೀನೂ ಬೇಡ, ತೊಳೆದು ಇಡುವುದೂ ಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೂಲಿಯವರು ನೀನು ಹೇಳಿದರೂ ಯಾಕೆ ಹಾಕಿಕೊಳ್ಳಲಿಲ್ಲ ಗೊತ್ತೇ? ನೀನು ಕೆಳಗೆ ಇಳಿಯದೆ, ಬದುವಿನ ಮೇಲೆ ನಿಂತು ಹೇಳಿದೆ.

ನೀನು ಅಲ್ಲೇ ಕಾದಿರು, ಚಪ್ಪಲಿ ಹಾಕಿಕೊಂಡು. ನಿಮ್ಮತ್ತೆ ಚಿಕ್ಕವೆಂಕಟಮ್ಮನವರಿಗೂ ಬರಲು ಹೇಳು, ನೋಡಲಿ. ವೇಣು ತನ್ನಮ್ಮನ ಚಪ್ಪಲಿ ಎತ್ತಿಕೊಳ್ಳುತ್ತಾನೆ. ಆಮೇಲೆ ನಾನು ನಿನ್ನ ಕೈ ಹಿಡಿಯುತ್ತೇನೆ. ಪ್ರೀತಿಯಿಂದ ಎಂದು ಅಂದುಕೊಳ್ಳಬೇಡ, ನೀನು ಹಿಂದೆ ತಿರುಗಬಾರದು ಎಂದು. ಇಬ್ಬರೂ ಚಪ್ಪಲಿ ಕಾಲಲ್ಲೇ ಲಕ್ಷ್ಮಿಯ ಊಟದ ಎಲೆಗೆ ಇಳಿದು, ಅವಳು ಬಿದ್ದ ಜಾಗದವರೆಗೆ ನಡೆಯೋಣ.

ಸಂಘಮಿತ್ರ